ವಾಹನ ವಿಮೆ: ಕಂತು ತಪ್ಪಿದರೆ ತೋಟಕ್ಕೇ ಕುತ್ತು

(ಸಂಘದ ರಜತ ಮಹೋತ್ಸವದ ಅಂಗವಾಗಿ ಸದಸ್ಯರಿಗಾಗಿ ಮಾಡಿದ ಉಪನ್ಯಾಸದ ಬರಹ ರೂಪ)



ಇಪ್ಪತ್ತೈದು ವರ್ಷ ಒಂದು ಸಂಘ ನಡೆದು ಬರುವುದು ಸಣ್ಣ ಮಾತಲ್ಲ. ಗದಗ ಬಳಿಯ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಸಹಕಾರ ಸಂಘ ಕಟ್ಟಿದಾಗ ಅವರ ಮನಸ್ಸಿನಲ್ಲಿ ಇದ್ದದ್ದು ಒಂದೇ ವಿಚಾರ. ಒಬ್ಬನಿಂದ ಹೊರಲಾಗದ ಭಾರವನ್ನು ನೂರು ಜನ ಸೇರಿ ಹೊರಬಹುದು ಎಂಬುದು. ವಿಮೆ ಅಂದರೂ ಅದೇ. ನೂರಾರು ಜನ ಸ್ವಲ್ಪ ಸ್ವಲ್ಪ ಕೂಡಿಸಿ ಇಟ್ಟ ಹಣ, ಅವರಲ್ಲಿ ಯಾರಿಗೆ ಕಷ್ಟ ಬಂತೋ ಅವರ ಮನೆ ಉಳಿಸುತ್ತೆ. ಹನಿ ಹನಿ ಕೂಡಿದರೆ ಹಳ್ಳ. ಆದ್ದರಿಂದ ಸಹಕಾರಿಗಳಾದ ತಮಗೆ ವಿಮೆಯ ತತ್ವ ಹೊಸದಾಗಿ ಹೇಳಿಕೊಡಬೇಕಾಗಿಲ್ಲ. ಅದರಲ್ಲಿ ನಾವು ಎಲ್ಲಿ ಎಡವುತ್ತೇವೆ ಅನ್ನುವುದನ್ನಷ್ಟೇ ಈ ಹೊತ್ತು ಹೇಳುತ್ತೇನೆ.

ನಮ್ಮ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯಲ್ಲಿ ಈಗ ಗಾಡಿ ಇಲ್ಲದ ಮನೆ ಅಪರೂಪ. ಕೊಬ್ಬರಿ ಮೂಟೆ ಮಾರುಕಟ್ಟೆಗೆ ಟೆಂಪೋದಲ್ಲಿ ಹೋಗುತ್ತೆ, ಎಳನೀರು ಲಗೇಜ್ ಆಟೋದಲ್ಲಿ ಹೋಗುತ್ತೆ, ಗೊಬ್ಬರ ಟ್ರ್ಯಾಕ್ಟರಿನಲ್ಲಿ ಬರುತ್ತೆ. ಹಾಲಿನ ಕ್ಯಾನು, ಮಕ್ಕಳು, ಮೇವಿನ ಹೊರೆ ಎಲ್ಲಾ ಬೈಕಿನ ಮೇಲೆ. ಕೆ.ಬಿ. ಕ್ರಾಸಿನ ಹೆದ್ದಾರಿಗೆ ಹತ್ತಿದರೆ ಲಾರಿ, ಬಸ್ಸುಗಳ ನಡುವೆ ನಾವೂ ಒಬ್ಬರು. ಗಾಡಿ ಕೊಳ್ಳುವಾಗ ಪೂಜೆ ಮಾಡಿಸಿ, ನಿಂಬೆಹಣ್ಣು ಚಕ್ರಕ್ಕಿಟ್ಟು, ಸಿಹಿ ಹಂಚುತ್ತೇವೆ. ಆದರೆ ವಿಮೆಯ ಕಾಗದದಲ್ಲಿ ಯಾವ ತಾರೀಖು ಬರೆದಿದೆ ಅಂತ ಕೇಳಿದರೆ ಹತ್ತರಲ್ಲಿ ಎಷ್ಟು ಜನ ಥಟ್ಟನೆ ಹೇಳುತ್ತಾರೆ? ನಾವೇ ಎದೆ ಮುಟ್ಟಿಕೊಂಡು ನೋಡಿಕೊಳ್ಳಬೇಕು.

ಮೊದಲು ಕಾನೂನು ಏನು ಹೇಳುತ್ತೆ ನೋಡೋಣ. ನಮ್ಮ ದೇಶದಲ್ಲಿ ಮೂರನೆಯವರ ವಿಮೆ, ಅಂದರೆ ಥರ್ಡ್ ಪಾರ್ಟಿ ವಿಮೆ, ಕಡ್ಡಾಯವಾದದ್ದು 1946ರ ಜುಲೈ 1ರಿಂದ. ಆಗ ಇದ್ದದ್ದು 1939ರ ಮೋಟಾರು ವಾಹನ ಕಾಯ್ದೆ. ಈಗ ಇರುವುದು 1988ರ ಕಾಯ್ದೆ. ಅದರ 146ನೇ ಕಲಮಿನ ಪ್ರಕಾರ ವಿಮೆಯಿಲ್ಲದ ಗಾಡಿಯನ್ನು ಸಾರ್ವಜನಿಕ ಸ್ಥಳದಲ್ಲಿ ಓಡಿಸಕೂಡದು, ಇನ್ನೊಬ್ಬರಿಗೆ ಓಡಿಸಲು ಕೊಡಕೂಡದು. 196ನೇ ಕಲಮಿನ ಪ್ರಕಾರ ಮೊದಲ ಸಲ ಸಿಕ್ಕಿಬಿದ್ದರೆ ಮೂರು ತಿಂಗಳವರೆಗೆ ಜೈಲು ಅಥವಾ 2,000 ರೂಪಾಯಿ ದಂಡ ಅಥವಾ ಎರಡೂ. ಎರಡನೇ ಸಲವಾದರೆ ದಂಡ 4,000.

“ದಂಡ ತಾನೇ, ಕಟ್ಟಿದರಾಯ್ತು” ಅಂತ ಕೆಲವರು ಹೇಳುವುದುಂಟು. ಪೊಲೀಸರ ದಂಡ ದೊಡ್ಡದಲ್ಲ ಸ್ವಾಮಿ. ದೊಡ್ಡದು ಅದರ ಹಿಂದೆ ಇದೆ. ಒಂದು ಲೆಕ್ಕ ಹಾಕಿ ತೋರಿಸುತ್ತೇನೆ, ದಯವಿಟ್ಟು ಗಮನವಿಟ್ಟು ಕೇಳಿ.

ನಮ್ಮ ಬೈಕ್ ತಗುಲಿ ಮೂವತ್ತೈದು ವರ್ಷದ ಒಬ್ಬ ಕೂಲಿಗಾರ ತೀರಿಕೊಂಡ ಅಂತ ಇಟ್ಟುಕೊಳ್ಳಿ. ತಿಂಗಳಿಗೆ 12,000 ರೂಪಾಯಿ ದುಡಿಯುತ್ತಿದ್ದ. ಮನೆಯಲ್ಲಿ ಹೆಂಡತಿ, ಇಬ್ಬರು ಮಕ್ಕಳು, ತಾಯಿ, ಒಟ್ಟು ನಾಲ್ಕು ಜನ ಅವಲಂಬಿತರು. ಸುಪ್ರೀಂ ಕೋರ್ಟು 2009ರಲ್ಲಿ ಮತ್ತು 2017ರಲ್ಲಿ ಹಾಕಿಕೊಟ್ಟ ಸೂತ್ರದ ಪ್ರಕಾರ, ನಲವತ್ತು ವರ್ಷದೊಳಗಿನ ಇಂಥ ದುಡಿಮೆಗಾರನ ಆದಾಯಕ್ಕೆ ಮುಂದಿನ ಏರಿಕೆಗಾಗಿ ನೂರಕ್ಕೆ 40 ಸೇರಿಸಬೇಕು. ತಿಂಗಳಿಗೆ 16,800 ಆಯಿತು. ವರ್ಷಕ್ಕೆ 2,01,600. ಅದರಲ್ಲಿ ಅವನ ಸ್ವಂತ ಖರ್ಚು ಅಂತ ಕಾಲು ಭಾಗ ಕಳೆದರೆ 1,51,200. ಆ ವಯಸ್ಸಿಗೆ ಗುಣಕ 16. ಗುಣಿಸಿದರೆ 24,19,200 ರೂಪಾಯಿ. ಇದರ ಮೇಲೆ ಅಂತ್ಯಕ್ರಿಯೆ ವೆಚ್ಚ, ಮನೆಯವರ ನಷ್ಟ ಅಂತ ಬೇರೆ ಮೊತ್ತ, ಜೊತೆಗೆ ಬಡ್ಡಿ.

ವಿಮೆ ಚಾಲ್ತಿಯಲ್ಲಿದ್ದರೆ ಈ ದುಡ್ಡು ಕಂಪನಿ ಕೊಡುತ್ತೆ. ಇಲ್ಲದಿದ್ದರೆ? ಗಾಡಿಯ ಮಾಲೀಕ ಕೊಡಬೇಕು. ಕೊಡದಿದ್ದರೆ ಕಾಯ್ದೆಯ 174ನೇ ಕಲಮಿನಂತೆ ನ್ಯಾಯಮಂಡಳಿಯವರು ಜಿಲ್ಲಾಧಿಕಾರಿಗಳಿಗೆ ಸರ್ಟಿಫಿಕೇಟು ಕಳಿಸಿ, ಭೂಕಂದಾಯದ ಬಾಕಿಯಂತೆ ವಸೂಲು ಮಾಡಿಸಬಹುದು. ಭೂಕಂದಾಯದ ಬಾಕಿಯಂತೆ ಅಂದರೆ ನಮ್ಮ ಸೀಮೆಯಲ್ಲಿ ಅದರ ಅರ್ಥ ಏನು? ತೆಂಗಿನ ತೋಟ. ಅಜ್ಜ ನೆಟ್ಟ ಮರ, ಅಪ್ಪ ನೀರು ಹೊತ್ತು ಉಳಿಸಿದ ಮರ.

ಈಗ ಇನ್ನೊಂದು ಅಂಕಿ ಕೇಳಿ. 75ರಿಂದ 150 ಸಿಸಿ ಒಳಗಿನ ಬೈಕಿಗೆ ಮೂರನೆಯವರ ವಿಮೆಯ ಪ್ರೀಮಿಯಂ, 2022ರ ಜೂನ್ 1ರಿಂದ ಜಾರಿಗೆ ಬಂದ ದರದಂತೆ, ವರ್ಷಕ್ಕೆ 714 ರೂಪಾಯಿ, ತೆರಿಗೆ ಬೇರೆ. ತಿಂಗಳಿಗೆ ಅರವತ್ತು ರೂಪಾಯಿ ಬೀಳುತ್ತೆ. ಒಂದು ಕಡೆ ಅರವತ್ತು ರೂಪಾಯಿ, ಇನ್ನೊಂದು ಕಡೆ ಇಪ್ಪತ್ನಾಲ್ಕು ಲಕ್ಷ. ತೂಗಿ ನೋಡಿ.

ಈ ಲೆಕ್ಕಕ್ಕೆ ಇನ್ನೊಂದು ಮಗ್ಗುಲೂ ಇದೆ. ತೀರಿಕೊಂಡವನು ನಮ್ಮವನೇ ಆಗಿದ್ದರೆ? ಡಿಕ್ಕಿ ಹೊಡೆದ ಗಾಡಿಗೆ ವಿಮೆ ಇಲ್ಲ, ಮಾಲೀಕನಿಗೆ ಆಸ್ತಿಯೂ ಇಲ್ಲ ಅಂದರೆ, ಆ ಹೆಣ್ಣುಮಗಳ ಕೈಲಿ ಕೋರ್ಟಿನ ತೀರ್ಪು ಇರುತ್ತೆ, ಒಲೆ ಮೇಲೆ ಅನ್ನ ಇರುವುದಿಲ್ಲ. ವಿಮೆ ಕಟ್ಟುವುದು ನಮ್ಮ ತೋಟ ಉಳಿಸಿಕೊಳ್ಳುವುದಕ್ಕೆ ಮಾತ್ರವಲ್ಲ, ದಾರಿಯಲ್ಲಿ ಸಿಗುವ ಯಾರೋ ಒಬ್ಬರ ಮನೆ ಉಳಿಸುವುದಕ್ಕೆ ಕೂಡ.

ವಿಮೆ ಎಲ್ಲೆಲ್ಲಿ ತಪ್ಪಿಹೋಗುತ್ತೆ ಅನ್ನುವುದನ್ನು ಈಗ ಒಂದೊಂದಾಗಿ ನೋಡೋಣ.

ಒಂದನೆಯದು ಐದು ವರ್ಷದ ಮರೆವು. ಸುಪ್ರೀಂ ಕೋರ್ಟಿನ ಆದೇಶದಂತೆ 2018ರ ಸೆಪ್ಟೆಂಬರ್ 1ರಿಂದ ಹೊಸ ಬೈಕಿಗೆ ಐದು ವರ್ಷ, ಹೊಸ ಕಾರಿಗೆ ಮೂರು ವರ್ಷದ ಮೂರನೆಯವರ ವಿಮೆಯನ್ನು ಕೊಳ್ಳುವಾಗಲೇ ಕಟ್ಟಬೇಕು. ಇದು ಒಳ್ಳೆಯದೇ. ಆದರೆ ಐದು ವರ್ಷ ಯಾರೂ ಕೇಳದೆ ಇದ್ದಾಗ ಆರನೇ ವರ್ಷ ಕಟ್ಟಬೇಕು ಅನ್ನುವುದು ತಲೆಯಿಂದಲೇ ಹೋಗಿಬಿಡುತ್ತೆ. ನಮ್ಮ ಗಾಡಿಗೆ ಆಗುವ ನಷ್ಟದ ವಿಮೆ ಬಹಳ ಕಡೆ ಒಂದೇ ವರ್ಷದ್ದಾಗಿರುತ್ತೆ, ಅದು ಮೊದಲೇ ಮುಗಿದಿರುತ್ತೆ. ಹಾಗಾಗಿ ಕಾಗದದಲ್ಲಿ ಎರಡು ತಾರೀಖು ಇರುತ್ತೆ, ಎರಡನ್ನೂ ನೋಡಿ.

ಎರಡನೆಯದು “ತೊಂಬತ್ತು ದಿನ ಟೈಮಿದೆ” ಅನ್ನುವ ತಪ್ಪು ತಿಳುವಳಿಕೆ. ತೊಂಬತ್ತು ದಿನದ ಮಾತು ಬರುವುದು ನೋ ಕ್ಲೇಮ್ ಬೋನಸ್ಸಿಗೆ. ಕ್ಲೇಮು ಮಾಡದೆ ವರ್ಷ ಕಳೆದರೆ ನಮ್ಮ ಗಾಡಿಯ ನಷ್ಟದ ವಿಮೆಯ ಕಂತಿನಲ್ಲಿ ನೂರಕ್ಕೆ 20ರಿಂದ ಹಿಡಿದು 50ರವರೆಗೆ ರಿಯಾಯಿತಿ ಸಿಗುತ್ತೆ. ತೊಂಬತ್ತು ದಿನದೊಳಗೆ ನವೀಕರಿಸಿದರೆ ಆ ರಿಯಾಯಿತಿ ಉಳಿಯುತ್ತೆ, ಅಷ್ಟೇ. ರಕ್ಷಣೆ ಮಾತ್ರ ಕಾಗದದಲ್ಲಿ ಬರೆದ ದಿನದ ಮಧ್ಯರಾತ್ರಿಗೇ ಮುಗಿಯುತ್ತೆ. ಐದು ದಿನ ತಡವಾಗಿ ಕಟ್ಟಿದರೆ ಆ ಐದು ದಿನ ನಾವು ಬರಿಗೈಲಿ ಓಡಾಡಿದಂತೆ.

ಮೂರನೆಯದು ಅಪಘಾತವಾದ ಮೇಲೆ ಓಡಿಹೋಗಿ ಕಟ್ಟುವುದು. ಸುಪ್ರೀಂ ಕೋರ್ಟಿನ ಮುಂದೆ ಬಂದ ಒಂದು ಪ್ರಕರಣದಲ್ಲಿ 1991ರ ಡಿಸೆಂಬರ್ 10ರಂದು ಮಧ್ಯಾಹ್ನ 2.20ಕ್ಕೆ ಅಪಘಾತ, 2.55ಕ್ಕೆ ಪಾಲಿಸಿ. ಮೂವತ್ತೈದು ನಿಮಿಷದ ವ್ಯತ್ಯಾಸ. ಕಂಪನಿ ಹೊಣೆಯಲ್ಲ ಅಂತ ತೀರ್ಪಾಯಿತು. ತಾರೀಖಷ್ಟೇ ಅಲ್ಲ, ಗಂಟೆಯೂ ಲೆಕ್ಕಕ್ಕೆ ಬರುತ್ತೆ.

ನಾಲ್ಕನೆಯದು ಚೆಕ್ಕು. ವಿಮಾ ಕಾಯ್ದೆಯಂತೆ ಪ್ರೀಮಿಯಂ ಮುಂಗಡ ಬಂದರೇ ಹೊಣೆ ಶುರು. ಖಾತೆಯಲ್ಲಿ ಹಣವಿಲ್ಲದೆ ಚೆಕ್ಕು ವಾಪಸು ಬಂದರೆ ಕಂಪನಿ ಪಾಲಿಸಿ ರದ್ದು ಮಾಡಬಹುದು. ರದ್ದು ಮಾಡಿದ ಸುದ್ದಿ ಮಾಲೀಕನಿಗೆ ಮುಟ್ಟುವ ಮೊದಲೇ ಅಪಘಾತವಾಗಿದ್ದರೆ ಮೂರನೆಯವರಿಗೆ ಕಂಪನಿ ಪರಿಹಾರ ಕೊಡಬೇಕು ಅಂತ 2012ರಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ಆದರೆ ಅದು ನೊಂದವರನ್ನು ಕಾಯುವ ಮಾತು. ನಮ್ಮ ಚೆಕ್ಕಿಗೆ ನಾವೇ ಜವಾಬ್ದಾರರು.

ಐದನೆಯದು ಹಳೇ ಗಾಡಿ ಮಾರಾಟ. ನಮ್ಮಲ್ಲಿ ಬೈಕು ನಂಬಿಕೆ ಮೇಲೆ ಕೈ ಬದಲಾಗುತ್ತೆ. ಒಬ್ಬರಿಂದ ಒಬ್ಬರಿಗೆ, ಅವರಿಂದ ಮತ್ತೊಬ್ಬರಿಗೆ. ಆರ್.ಸಿ. ಪುಸ್ತಕದಲ್ಲಿ ಮಾತ್ರ ಮೊದಲನೆಯವನ ಹೆಸರೇ. ಗಾಡಿ ಎಷ್ಟು ಕೈ ಬದಲಾಗಿದ್ದರೂ ನೋಂದಣಿಯಲ್ಲಿ ಯಾರ ಹೆಸರಿದೆಯೋ ಅವನೇ ಮಾಲೀಕ, ಅವನೇ ಪರಿಹಾರಕ್ಕೆ ಹೊಣೆ ಅಂತ 2018ರಲ್ಲಿ ಸುಪ್ರೀಂ ಕೋರ್ಟು ಖಡಾಖಂಡಿತ ಹೇಳಿದೆ. ಮಾರಿದ ಹದಿನಾಲ್ಕು ದಿನದೊಳಗೆ ನಮೂನೆ 29 ಕೊಡಿ, ಕೊಂಡವರು ನಮೂನೆ 30ರಲ್ಲಿ ವರ್ಗಾವಣೆ ಮಾಡಿಸಿಕೊಳ್ಳಲಿ. ಕೆಎ-44 ನಂಬರಿನವರಿಗೆ ಆರ್.ಟಿ.ಓ. ಕಚೇರಿ ತಿಪಟೂರಿನಲ್ಲೇ ಇದೆ, ದೂರವೇನಲ್ಲ. ಕೊಂಡವರು ಅದೇ ಹದಿನಾಲ್ಕು ದಿನದಲ್ಲಿ ವಿಮೆಯನ್ನೂ ತಮ್ಮ ಹೆಸರಿಗೆ ಮಾಡಿಸಿಕೊಳ್ಳಬೇಕು. ಹಾಗೆಯೇ ಯಜಮಾನರು ತೀರಿಕೊಂಡ ಮನೆಗಳಲ್ಲಿ ಮೂವತ್ತು ದಿನದೊಳಗೆ ಕಚೇರಿಗೆ ತಿಳಿಸಿ, ಮೂರು ತಿಂಗಳೊಳಗೆ ನಮೂನೆ 31 ಸಲ್ಲಿಸಬೇಕು. ಹನ್ನೊಂದನೇ ದಿನದ ಗಡಿಬಿಡಿಯಲ್ಲಿ ಇದನ್ನು ನೆನಪಿಸುವವರು ಯಾರೂ ಇರುವುದಿಲ್ಲ.

ಇನ್ನು ಕಾಗದ ಸರಿಯಿದ್ದೂ ವಿಮೆ ಕೈಗೆ ಬಾರದ ಸಂದರ್ಭಗಳಿವೆ. ಗಾಡಿ ಅಪಾಯದ ಕೈಗೆ ಹೋದಾಗ ಹೀಗಾಗುತ್ತೆ.

ಅಮೆರಿಕದ ಬಹುತೇಕ ರಾಜ್ಯಗಳಲ್ಲಿ ಒಂದು ಪದ್ಧತಿ ಇದೆ. ಕುಡಿದು ಓಡಿಸಿಯೋ, ವಿಮೆಯಿಲ್ಲದೆ ಓಡಿಸಿಯೋ ಸಿಕ್ಕಿಬಿದ್ದವನನ್ನು ಹೆಚ್ಚು ಅಪಾಯದ ಚಾಲಕ ಅಂತ ಪರಿಗಣಿಸುತ್ತಾರೆ. ಅವನಿಗೆ ಲೈಸೆನ್ಸು ಮತ್ತೆ ಬೇಕಾದರೆ, ಅವನ ವಿಮಾ ಕಂಪನಿಯೇ “ಇವನಿಗೆ ವಿಮೆ ಇದೆ” ಅಂತ ಎಸ್‌ಆರ್-22 ಎಂಬ ನಮೂನೆಯನ್ನು ಸರ್ಕಾರಕ್ಕೆ ಸಲ್ಲಿಸಬೇಕು. ಸಾಮಾನ್ಯವಾಗಿ ಮೂರು ವರ್ಷ ಅದು ನಡೆಯಬೇಕು. ನಡುವೆ ಒಂದು ಕಂತು ತಪ್ಪಿದರೂ ಕಂಪನಿ ಸರ್ಕಾರಕ್ಕೆ ತಿಳಿಸುತ್ತೆ, ಲೈಸೆನ್ಸು ಅಮಾನತಾಗುತ್ತೆ. ಕಂತೂ ದುಬಾರಿ. ನಮ್ಮಲ್ಲಿ ಆ ನಮೂನೆ ಇಲ್ಲ. ಸಂಚಾರ ನಿಯಮ ಮುರಿದವರಿಗೆ ಪ್ರೀಮಿಯಂ ಹೆಚ್ಚಿಸಬೇಕು ಅಂತ ವಿಮಾ ನಿಯಂತ್ರಣ ಪ್ರಾಧಿಕಾರದ ಕಾರ್ಯತಂಡವೊಂದು 2021ರಲ್ಲಿ ಸಲಹೆ ಮಾಡಿತ್ತು. ನಮ್ಮ ದೇಶದಲ್ಲಿ ಅಪಾಯವನ್ನು ಅಳೆದದ್ದು ಹೆಚ್ಚಾಗಿ ಗಾಡಿಯ ಮೇಲೆ. ಲಾರಿ, ಟೆಂಪೋಗಳ ವಿಮೆಯಲ್ಲಿ ನಷ್ಟ ಅಂತ ಕಂಪನಿಗಳು ಹಿಂಜರಿದಾಗ 2007ರಲ್ಲಿ ಎಲ್ಲ ಕಂಪನಿಗಳೂ ನಷ್ಟ ಹಂಚಿಕೊಳ್ಳುವ ಒಂದು ಪೂಲ್ ಮಾಡಿದ್ದರು. 2012ರಲ್ಲಿ ಅದನ್ನು ತೆಗೆದು, ಕಂಪನಿಗಳು ಬೇಡವೆಂದ ಗಾಡಿಗಳಿಗಾಗಿ ಬೇರೊಂದು ಪೂಲ್ ತಂದರು.

ನಮೂನೆ ಇಲ್ಲದಿದ್ದರೂ ಅಪಾಯದ ಚಾಲಕನ ಲೆಕ್ಕ ನಮ್ಮಲ್ಲಿ ಬೇರೆ ರೀತಿ ಚುಕ್ತಾ ಆಗುತ್ತೆ. ಲೈಸೆನ್ಸಿಲ್ಲದವನ ಕೈಗೆ ಗೊತ್ತಿದ್ದೂ ಗಾಡಿ ಕೊಟ್ಟರೆ, ನೊಂದವರಿಗೆ ಕಂಪನಿ ಮೊದಲು ಕೊಟ್ಟು ಆಮೇಲೆ ಮಾಲೀಕನಿಂದ ವಸೂಲು ಮಾಡಿಕೊಳ್ಳಲಿ ಅಂತ ಕೋರ್ಟು ಹೇಳಬಹುದು. 2004ರ ಸುಪ್ರೀಂ ಕೋರ್ಟಿನ ತೀರ್ಪು ಈ ದಾರಿ ತೋರಿಸಿದೆ. ಅಂದರೆ ಸಾಲ ಕಂಪನಿಗೆ ಹೋಯ್ತೇ ಹೊರತು ತೀರಲಿಲ್ಲ. ಕುಡಿದು ಓಡಿಸಿದರೆ ನಮ್ಮ ಗಾಡಿಯ ನಷ್ಟಕ್ಕೆ ಬಿಡಿಗಾಸೂ ಸಿಗುವುದಿಲ್ಲ, ಮೇಲೆ ಮೊದಲ ಸಲಕ್ಕೇ 10,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ. ಹೈಸ್ಕೂಲ್ ಹುಡುಗನ ಕೈಗೆ ಬೈಕು ಕೊಟ್ಟರೆ 199ಎ ಕಲಮಿನಂತೆ ತಂದೆಗೋ ಮಾಲೀಕನಿಗೋ ಮೂರು ವರ್ಷದವರೆಗೆ ಜೈಲು, 25,000 ರೂಪಾಯಿ ದಂಡ. ಗಾಡಿಯ ನೋಂದಣಿ ಹನ್ನೆರಡು ತಿಂಗಳು ರದ್ದು. ಹುಡುಗನಿಗೆ ಇಪ್ಪತ್ತೈದು ವರ್ಷದವರೆಗೆ ಲೈಸೆನ್ಸಿಲ್ಲ. “ಏನೋ ಹುಡುಗ, ಅಂಗಡೀಗೆ ಹೋಗಿ ಬರ್ತಾನೆ” ಅನ್ನುವ ಮಾತು ಇನ್ನು ನಿಲ್ಲಬೇಕು.

ಲೈಸೆನ್ಸಿನ ವಿಚಾರದಲ್ಲಿ ಒಂದು ಸಮಾಧಾನದ ಸಂಗತಿ. ಕಾರಿನ, ಅಂದರೆ ಲಘು ವಾಹನದ ಲೈಸೆನ್ಸಿರುವವರು 7,500 ಕಿಲೋ ಮೀರದ ಸರಕು ಗಾಡಿಯನ್ನೂ ಓಡಿಸಬಹುದು, ಬೇರೆ ಅನುಮತಿ ಬೇಡ ಅಂತ 2017ರಲ್ಲಿ ಸುಪ್ರೀಂ ಕೋರ್ಟು ಹೇಳಿತ್ತು. 2024ರ ನವೆಂಬರ್ 6ರಂದು ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠ ಅದನ್ನು ಎತ್ತಿಹಿಡಿಯಿತು. ಸಣ್ಣ ಟೆಂಪೋ ಇಟ್ಟುಕೊಂಡಿರುವ ನಮ್ಮ ಹುಡುಗರಿಗೆ ಇದು ದೊಡ್ಡ ಆಸರೆ. ಆದರೆ ಲೈಸೆನ್ಸಿನ ಅವಧಿ ಮುಗಿದಿರಬಾರದು. ಅದರ ತಾರೀಖನ್ನೂ ವಿಮೆಯ ತಾರೀಖಿನ ಪಕ್ಕದಲ್ಲೇ ಬರೆದಿಡಿ.

ಇನ್ನು ಗಾಡಿಯ ಮೇಲೆ ಕೂತವರ ಮಾತು. ಟ್ರ್ಯಾಕ್ಟರಿನಲ್ಲಿ ಸೀಟು ಒಂದೇ, ಅದು ಚಾಲಕನದು. ಮಡ್‌ಗಾರ್ಡಿನ ಮೇಲೆ ಕೂತವರಿಗೆ, ಟ್ರೈಲರಿನಲ್ಲಿ ಜಾತ್ರೆಗೋ ಮದುವೆಗೋ ಹೋಗುವವರಿಗೆ ಪಾಲಿಸಿಯಲ್ಲಿ ಜಾಗವಿಲ್ಲ. ಟ್ರೈಲರಿಗೆ ವಿಮೆ ಬೇರೆ ಮಾಡಿಸಬೇಕು. ಕೊಬ್ಬರಿ ಟೆಂಪೋದಲ್ಲಿ ಮಾಲಿನ ಯಜಮಾನನೋ ಅವನ ಪ್ರತಿನಿಧಿಯೋ ಹೋದರೆ ಕಾನೂನಿನ ರಕ್ಷಣೆ ಇದೆ. “ಬನ್ನಿ, ದಾರೀಲಿ ಇಳಿಸ್ತೀನಿ” ಅಂತ ಹತ್ತಿಸಿಕೊಂಡವರಿಗೆ ಇಲ್ಲ ಅಂತ ಸುಪ್ರೀಂ ಕೋರ್ಟು 2003ರ ಆಚೆಗೆ ಹೇಳುತ್ತಾ ಬಂದಿದೆ. ಮೂಟೆ ಎತ್ತುವ ಹಮಾಲರಿಗಾಗಿ ಸ್ವಲ್ಪ ಹೆಚ್ಚಿನ ಪ್ರೀಮಿಯಂ ಕಟ್ಟಿ ರಕ್ಷಣೆ ಸೇರಿಸಿಕೊಳ್ಳಬಹುದು. ಗಾಡಿಯ ಯಜಮಾನರು ಇದನ್ನು ಕೇಳಿ ಮಾಡಿಸಬೇಕು, ಅವರಾಗಿ ಯಾರೂ ಹೇಳುವುದಿಲ್ಲ.

ಬೈಕಿನ ಹಿಂದೆ ಕೂತ ಹೆಂಡತಿಯ ವಿಷಯವೂ ಹೀಗೆಯೇ. ಬರೀ ಮೂರನೆಯವರ ವಿಮೆ ಇದ್ದರೆ ಹಿಂದೆ ಕೂತವರಿಗೆ ಅದು ಬರುವುದಿಲ್ಲ ಅಂತ 2006 ಮತ್ತು 2008ರ ತೀರ್ಪುಗಳಿವೆ. ಪ್ಯಾಕೇಜ್ ಪಾಲಿಸಿ ಇದ್ದರೆ ಬರುತ್ತೆ. ನಾವು ಐನೂರೋ ಸಾವಿರವೋ ಉಳಿಸಲು ಹೋಗಿ ಯಾರನ್ನು ರಕ್ಷಣೆಯಿಂದ ಹೊರಗಿಡುತ್ತಿದ್ದೇವೆ ಅನ್ನುವುದು ಯೋಚನೆ ಮಾಡಬೇಕಾದ ಮಾತು. ಹಾಗೇ, ಗಾಡಿ ಓಡಿಸುವ ಮಾಲೀಕನ ಪ್ರಾಣಕ್ಕೆ 15 ಲಕ್ಷದ ವೈಯಕ್ತಿಕ ಅಪಘಾತ ವಿಮೆ ಇದೆ. ಆದರೆ ಅದು ನೋಂದಣಿಯಲ್ಲಿ ಹೆಸರಿರುವ ಮಾಲೀಕನಿಗೆ, ಅದೂ ಚಾಲ್ತಿ ಲೈಸೆನ್ಸಿದ್ದರೆ. ಗಾಡಿ ಅಪ್ಪನ ಹೆಸರಿನಲ್ಲಿದ್ದು ಓಡಿಸುವವನು ಮಗನಾದರೆ ಆ ಹಣ ಮಗನ ಮನೆಗೆ ಬಾರದು. ಓಡಿಸುವವನ ಹೆಸರಿಗೇ ಗಾಡಿ ಇರುವುದು ಮೇಲು.

ಅಪಘಾತ ಆಗಿಯೇ ಬಿಟ್ಟರೆ ಏನು ಮಾಡಬೇಕು? ಮೊದಲು ಗಾಯಾಳುವನ್ನು ಆಸ್ಪತ್ರೆಗೆ ಸೇರಿಸಿ. ನೆರವಾದವರಿಗೆ ತೊಂದರೆ ಕೊಡಕೂಡದು ಅಂತ ಕಾಯ್ದೆಯ 134ಎ ಕಲಮು ಕಾಪಾಡುತ್ತೆ. 2025ರ ಮೇ 5ರಿಂದ ಜಾರಿಗೆ ಬಂದ ಕೇಂದ್ರದ ಯೋಜನೆಯಂತೆ ಗೊತ್ತುಪಡಿಸಿದ ಆಸ್ಪತ್ರೆಗಳಲ್ಲಿ ಏಳು ದಿನದವರೆಗೆ, ಒಂದೂವರೆ ಲಕ್ಷದವರೆಗೆ ನಗದುರಹಿತ ಚಿಕಿತ್ಸೆಗೆ ಅವಕಾಶ ಇದೆ. ಪೊಲೀಸರಿಗೆ, ವಿಮಾ ಕಂಪನಿಗೆ ಅಂದೇ ತಿಳಿಸಿ. 2022ರ ಏಪ್ರಿಲ್ 1ರಿಂದ ಪೊಲೀಸರು 48 ಗಂಟೆಯೊಳಗೆ ಮೊದಲ ವರದಿಯನ್ನು ನ್ಯಾಯಮಂಡಳಿಗೂ ಕಂಪನಿಗೂ ಕಳಿಸಬೇಕು. ಪರಿಹಾರದ ಅರ್ಜಿಗೆ ಆರು ತಿಂಗಳ ಗಡುವು ಬಂದಿದೆ, ತಿಥಿ ಮುಗಿಯಲಿ, ಹಬ್ಬ ಮುಗಿಯಲಿ ಅಂತ ಕೂರಬೇಡಿ. ಡಿಕ್ಕಿ ಹೊಡೆದ ಗಾಡಿ ಯಾವುದೆಂದು ಪತ್ತೆಯಾಗದಿದ್ದರೂ ಸಾವಿಗೆ 2 ಲಕ್ಷ, ತೀವ್ರ ಗಾಯಕ್ಕೆ 50,000 ಸಿಗುತ್ತೆ. ಅದಕ್ಕೆ ಅರ್ಜಿ ಹೋಗುವುದು ತಹಶೀಲ್ದಾರರ ಮಟ್ಟದ ಕಂದಾಯ ಅಧಿಕಾರಿಗಳಿಗೆ. ಇದು ತಿಳಿಯದೆ ಸುಮ್ಮನಾದ ಮನೆಗಳು ಬೇಕಾದಷ್ಟಿವೆ.

ಕೊನೆಯದಾಗಿ, ಸಂಘ ಏನು ಮಾಡಬಹುದು ಅನ್ನುವುದರ ಬಗ್ಗೆ ಎರಡು ಮಾತು. ಯಶಸ್ವಿನಿ ಆರೋಗ್ಯ ಯೋಜನೆ ನಮ್ಮ ರಾಜ್ಯದಲ್ಲಿ 2003ರಲ್ಲಿ ಶುರುವಾದದ್ದು ಸಹಕಾರ ಸಂಘಗಳ ಮೂಲಕವೇ. 2018ರಲ್ಲಿ ನಿಂತು, 2023ರ ಜನವರಿಯಿಂದ ಮತ್ತೆ ಬಂತು. ಅಲ್ಲಿ ಸದಸ್ಯರಿಗೆ “ಈ ವರ್ಷದ್ದು ಕಟ್ರಪ್ಪಾ” ಅಂತ ನೆನಪಿಸುವವರು ನಮ್ಮ ಕಾರ್ಯದರ್ಶಿಗಳೇ. ಅದೇ ಕೆಲಸ ಗಾಡಿ ವಿಮೆಗೂ ಆಗಲಿ. ಒಂದು ದಪ್ಪ ಪುಸ್ತಕ ಇಡಿ. ಸದಸ್ಯರ ಹೆಸರು, ಗಾಡಿ ನಂಬರು, ವಿಮೆ ಮುಗಿಯುವ ತಾರೀಖು, ಲೈಸೆನ್ಸು ಮುಗಿಯುವ ತಾರೀಖು, ಇಷ್ಟೇ ನಾಲ್ಕು ಅಂಕಣ. ಪ್ರತಿ ತಿಂಗಳ ಮೊದಲ ವಾರ ಮುಂದಿನ ತಿಂಗಳು ಮುಗಿಯುವವರ ಪಟ್ಟಿಯನ್ನು ಸಂಘದ ಬೋರ್ಡಿಗೆ ಹಾಕಿ. ಒಟ್ಟಿಗೆ ಕಟ್ಟಲು ಕಷ್ಟವಾದವರಿಂದ ತಿಂಗಳಿಗೆ ಅರವತ್ತು, ಎಪ್ಪತ್ತು ರೂಪಾಯಿ ಠೇವಣಿ ತೆಗೆದುಕೊಂಡು ಹೊತ್ತಿಗೆ ಕೊಡಿ. ಪಾಲಿಸಿ ಅಸಲಿಯೋ ನಕಲಿಯೋ ಅಂತ ಎಂಪರಿವಾಹನ್ ಆಪಿನಲ್ಲಿ ಗಾಡಿ ನಂಬರು ಹಾಕಿ ನೋಡಬಹುದು. ಅದನ್ನು ನೋಡಿಕೊಡಲು ಓದಿದ ಹುಡುಗರು ಪ್ರತಿ ಬೀದಿಯಲ್ಲೂ ಇದ್ದಾರೆ. ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆಯಲ್ಲಿ ವರ್ಷಕ್ಕೆ ಇಪ್ಪತ್ತು ರೂಪಾಯಿಗೆ 2 ಲಕ್ಷದ ಅಪಘಾತ ವಿಮೆ ಇದೆ. ಅದೂ ಮೇ ತಿಂಗಳ ಕೊನೆಗೆ ಖಾತೆಯಲ್ಲಿ ಇಪ್ಪತ್ತು ರೂಪಾಯಿ ಇಲ್ಲದ ಕಾರಣಕ್ಕೆ ನಿಂತುಹೋಗಬಾರದು.

ತೆಂಗಿನ ಗಿಡ ನೆಟ್ಟವನು ಫಲಕ್ಕಾಗಿ ವರ್ಷಗಟ್ಟಲೆ ಕಾಯುತ್ತಾನೆ. ಅಷ್ಟು ತಾಳ್ಮೆ ಇರುವ ನಮಗೆ ವರ್ಷಕ್ಕೊಂದು ಸಲ ಒಂದು ತಾರೀಖು ನೆನಪಿಟ್ಟುಕೊಳ್ಳುವುದು ಕಷ್ಟವೇ? ಇವತ್ತು ಮನೆಗೆ ಹೋದ ಕೂಡಲೇ ಗಾಡಿಯ ಡಿಕ್ಕಿಯಲ್ಲೋ, ಬೀರುವಿನಲ್ಲೋ ಇರುವ ಆ ಕಾಗದ ತೆಗೆದು ನೋಡಿ. ಮುಗಿದಿದ್ದರೆ, ಕಟ್ಟುವವರೆಗೆ ಗಾಡಿ ಹೊರಗೆ ತೆಗೆಯಬೇಡಿ.

 ಸಂಘಕ್ಕೆ ಮುಂದಿನ ಇಪ್ಪತ್ತೈದು ವರ್ಷಗಳೂ ಶುಭವಾಗಲಿ.